ಪುರಾಣದ ಕಪಾಟು, ಪೀಣ್ಯದ ಶೆಡ್ಡು

ಕನ್ನಡದಲ್ಲಿ ಸೈನ್ಸ್ ಫಿಕ್ಷನ್ ಎಲ್ಲಿದೆ ಎಂದು ಕೇಳುವವರಿಗೆ ನಾನು ಮೊದಲು ಕೊಡುವ ಪುಸ್ತಕ ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’. ಕೇಳಿದವರು ಹುಬ್ಬೇರಿಸುತ್ತಾರೆ. 1968ರಲ್ಲಿ ಬಂದು, 1977ರಲ್ಲಿ ಜ್ಞಾನಪೀಠ ತಂದುಕೊಟ್ಟ ಈ ಕಾದಂಬರಿಯನ್ನು ನಾವು ಓದುತ್ತ ಬಂದಿರುವುದೇ ಬೇರೆ ರೀತಿ: ಧರ್ಮದ ವಿಮರ್ಶೆ, ವಿಧವೆಯ ಬದುಕು, ಕಾರಂತರ ನಾಸ್ತಿಕತೆ. ಅವೆಲ್ಲ ಅದರಲ್ಲಿ ಇರುವುದು ನಿಜ. ಆದರೆ ಒಮ್ಮೆ ಆ ಚರ್ಚೆಗಳನ್ನು ಪಕ್ಕಕ್ಕಿಟ್ಟು ಕತೆಯನ್ನಷ್ಟೇ ನೋಡಿ. ಮೂಡೂರಿನ ಮುದುಕಿಯೊಬ್ಬಳ ಕೈಗೆ ಮೊಮ್ಮಗ ಸುಬ್ಬರಾಯ ಎಲ್ಲಿಂದಲೋ ತಂದ ಹಳೆಯ ವಸ್ತುವೊಂದನ್ನು ಕೊಡುತ್ತಾನೆ. ಅದನ್ನು ಮುಟ್ಟಿದ್ದೇ ತಡ, ಅದು ಹಾದುಬಂದ ಕಾಲವೆಲ್ಲ ಅಜ್ಜಿಯ ಕಣ್ಣಮುಂದೆ ಬಿಚ್ಚಿಕೊಳ್ಳುತ್ತದೆ. ಮನುಷ್ಯ ಬೇಟೆಯಾಡಿಕೊಂಡಿದ್ದ ದಿನ, ಮೊದಲ ದೇವರನ್ನು ಮಾಡಿಕೊಂಡ ದಿನ, ಆ ದೇವರನ್ನು ಬದಲಾಯಿಸಿದ ದಿನ. ಎಚ್.ಜಿ. ವೆಲ್ಸ್ 1895ರಲ್ಲಿ ಕಾಲದೊಳಗೆ ಓಡಾಡಲು ಒಂದು ಯಂತ್ರವನ್ನೇ ಕಟ್ಟಬೇಕಾಯಿತು. ಕಾರಂತರಿಗೆ ಒಂದು ಅಂಗೈ ಸಾಕಾಯಿತು.

ಇದು ಚಮತ್ಕಾರಕ್ಕಾಗಿ ಹೇಳುತ್ತಿರುವ ಮಾತಲ್ಲ. ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲಪ್ರಪಂಚ’, ದೊಡ್ಡವರಿಗಾಗಿ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನು ಒಬ್ಬರೇ ಕೂತು ಬರೆದವರು ಕಾರಂತರು. ಭೂಮಿಯ ವಯಸ್ಸು, ಜೀವಿಗಳ ಹುಟ್ಟು, ಮನುಷ್ಯನ ವಲಸೆ ಅವರ ತಲೆಯಲ್ಲಿ ವರ್ಷಗಟ್ಟಲೆ ಮಥಿಸಿದ ವಿಷಯಗಳು. ಆ ಓದು ಕಾದಂಬರಿಗೆ ಇಳಿಯುವಾಗ ಯಂತ್ರದ ವೇಷ ಹಾಕಲಿಲ್ಲ, ಅಜ್ಜಿಯ ವೇಷ ಹಾಕಿತು. ನಮ್ಮ ಗ್ರಂಥಾಲಯಗಳು, ಅಂಗಡಿಗಳು, ವಿಮರ್ಶಕರು ಆ ವೇಷವನ್ನು ನೋಡಿ ಪುಸ್ತಕವನ್ನು ‘ಸಾಮಾಜಿಕ’ದ ಸಾಲಿಗೆ ಸೇರಿಸಿದರು. ಕನ್ನಡದ ಬಹುಪಾಲು ಅದ್ಭುತ ಸಾಹಿತ್ಯದ ಗತಿ ಹೀಗೇ ಆಗಿದೆ. ಅದು ಪೌರಾಣಿಕದ ಕಪಾಟಿನಲ್ಲಿದೆ, ಹಳಗನ್ನಡದ ಕಪಾಟಿನಲ್ಲಿದೆ, ನಾಟಕದ, ಪರಿಸರದ, ಮಕ್ಕಳ ಕಪಾಟುಗಳಲ್ಲಿದೆ. ಅಸಿಮೋವ್, ಕ್ಲಾರ್ಕ್, ಲಗ್ವಿನ್ ಅವರನ್ನು ಪ್ರೀತಿಯಿಂದ ಓದುತ್ತ ಬಂದ ನಾನು ಮನೆಯ ಕಪಾಟಿನಲ್ಲಿ ಇವೆಲ್ಲವನ್ನೂ ಒಂದೇ ಸಾಲಿಗೆ ತಂದಿಟ್ಟಿದ್ದೇನೆ. ಅಕ್ಕಪಕ್ಕ ಕೂತ ಮೇಲೆ ಪುಸ್ತಕಗಳು ಒಂದರೊಡನೊಂದು ಮಾತಾಡತೊಡಗುತ್ತವೆ. ಆ ಮಾತುಗಳಲ್ಲಿ ಕೆಲವನ್ನು ಇಲ್ಲಿ ಹೇಳುತ್ತೇನೆ.

ಓದು ಬಂದ ದಾರಿಗಳು

ನಾನಿರುವ ಕುಮಾರಸ್ವಾಮಿ ಲೇಔಟ್ ಇಂಥ ಓದಿಗೆ ಹೇಳಿ ಮಾಡಿಸಿದ ಜಾಗ. ಪಕ್ಕದಲ್ಲೇ ಇಸ್ರೋ ಲೇಔಟ್. ಈ ಕಡೆ ಶಾವಿಗೆ ಮಲ್ಲೇಶ್ವರ ಬೆಟ್ಟ, ಅದರ ಮೇಲೆ ದೊಡ್ಡ ಎಂಜಿನಿಯರಿಂಗ್ ಕಾಲೇಜು. ಸ್ವಲ್ಪ ಮುಂದೆ ಕನಕಪುರ ರಸ್ತೆ, ಅಲ್ಲಿ ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚುವವರಿಂದ ತುಂಬಿರುವ ಬನಶಂಕರಿ ದೇವಸ್ಥಾನ. ಉಪಗ್ರಹದ ಲೆಕ್ಕ ಮಾಡಿ ನಿವೃತ್ತರಾದವರು ಬೆಳಿಗ್ಗೆ ವಾಕಿಂಗ್ ಮುಗಿಸಿ ಸಹಸ್ರನಾಮ ಕೇಳುವ ಬಡಾವಣೆ ಇದು. ಈ ಎರಡು ಲೋಕಗಳ ನಡುವೆ ಇಲ್ಲಿನವರಿಗೆ ಯಾವ ಜಗಳವೂ ಕಾಣುವುದಿಲ್ಲ. ಇಂಥ ಬೀದಿಯಲ್ಲಿ ಕೂತು ಆರ್ಥರ್ ಸಿ. ಕ್ಲಾರ್ಕ್ 1953ರಲ್ಲಿ ಬರೆದ ‘ದ ನೈನ್ ಬಿಲಿಯನ್ ನೇಮ್ಸ್ ಆಫ್ ಗಾಡ್’ ಓದಬೇಕು. ಟಿಬೆಟ್ಟಿನ ಮಠವೊಂದರ ಸನ್ಯಾಸಿಗಳು ದೇವರ ಹೆಸರುಗಳನ್ನೆಲ್ಲ ಬರೆದು ಮುಗಿಸಲು ಕಂಪ್ಯೂಟರ್ ಬಾಡಿಗೆಗೆ ತರಿಸುವ ಕತೆ. ಕೊನೆ ಹೇಳುವುದಿಲ್ಲ, ಓದಿ. ಸಾವಿರ ನಾಮದ ರೂಢಿಯಿರುವ ನಮಗೆ ಆ ಕತೆ ತಟ್ಟುವ ಬಗೆ ಲಂಡನ್ನಿನ ಓದುಗನಿಗೆ ತಟ್ಟುವ ಬಗೆಯಲ್ಲ.

ನನ್ನ ವಯಸ್ಸಿನ ಬಹಳ ಜನಕ್ಕೆ ಈ ರುಚಿ ಹತ್ತಿಸಿದ್ದು ‘ಚಂದಮಾಮ’. ಪ್ರತಿ ತಿಂಗಳೂ ಹೆಣದೊಳಗಿಂದ ಮಾತಾಡುವ ಬೇತಾಳ ಒಂದು ಕಗ್ಗಂಟು ಮುಂದಿಡುತ್ತಿತ್ತು. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಹೋಳು. ‘ಹೀಗಾಗಿದ್ದರೆ ನೀನೇನು ಮಾಡುತ್ತಿದ್ದೆ’ ಎಂದು ಕೇಳುವುದೇ ಸೈನ್ಸ್ ಫಿಕ್ಷನ್‌ನ ಬೆನ್ನೆಲುಬು. ಆಮೇಲೆ ಹುಬ್ಬಳ್ಳಿಯಿಂದ ಬರುವ ‘ಕಸ್ತೂರಿ’. 1956ರಲ್ಲಿ ಶುರುವಾದ ಆ ಮಾಸಿಕದ ಕೊನೆಯಲ್ಲಿ ಒಂದಿಡೀ ಗ್ರಂಥವನ್ನು ಸಂಗ್ರಹಿಸಿ ಕೊಡುವ ಪುಸ್ತಕ ವಿಭಾಗ ಇರುತ್ತಿತ್ತು. ಪಾ.ವೆಂ. ಆಚಾರ್ಯರು ಕಟ್ಟಿದ ಆ ಪತ್ರಿಕೆ ಇಂಗ್ಲಿಷ್ ಬಾರದ ಮನೆಗಳಿಗೂ ಹೊರಜಗತ್ತನ್ನು ತಂದು ಸುರಿಯಿತು. ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳ ಜೊತೆಗೆ ತೆಲುಗಿನಿಂದ ಬಂದ ಯಂಡಮೂರಿಯವರ ‘ತುಳಸಿದಳ’ ಕೈಯಿಂದ ಕೈಗೆ ಓಡಾಡಿ ರಟ್ಟು ಕಿತ್ತುಹೋಗಿರುತ್ತಿತ್ತು. ನವಕರ್ನಾಟಕದ ಮಳಿಗೆಗಳಲ್ಲಿ ಸೋವಿಯತ್ ಪುಸ್ತಕಗಳು ಕಡಲೆಕಾಯಿ ದುಡ್ಡಿಗೆ ಸಿಗುತ್ತಿದ್ದವು. ಅಲೆಕ್ಸಾಂಡರ್ ಬೆಲ್ಯಾಯೆವ್ 1928ರಲ್ಲಿ ಬರೆದ ‘ಆಂಫಿಬಿಯನ್ ಮ್ಯಾನ್’ ನನಗೆ ಸಿಕ್ಕಿದ್ದು ಆ ದಾರಿಯಲ್ಲಿ. ಶಾರ್ಕಿನ ಕಿವಿರು ಜೋಡಿಸಿಕೊಂಡು ನೀರೊಳಗೆ ಬದುಕುವ ಇಕ್ತಿಯಾಂಡರ್ ಎಂಬ ಹುಡುಗನ ಮೇಲೆ ಆಗ ಹುಟ್ಟಿದ ಕರುಣೆ ಇಂದಿಗೂ ಇಂಗಿಲ್ಲ.

ಇನ್ನೊಂದು ದಾರಿ ನಮ್ಮ ಬಡಾವಣೆಗೆ ತೀರಾ ಹತ್ತಿರದ್ದು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ವಿಜ್ಞಾನ ಭವನ ಇರುವುದು ಬನಶಂಕರಿ 2ನೇ ಹಂತದಲ್ಲಿ. 1978ರಲ್ಲಿ ಹೊರಟ ‘ಬಾಲವಿಜ್ಞಾನ’ ಮಾಸಿಕದ ಹಿಂದೆ ಜೆ.ಆರ್. ಲಕ್ಷ್ಮಣರಾವ್, ಅಡ್ಯನಡ್ಕ ಕೃಷ್ಣಭಟ್ಟರಂಥ ಮೇಷ್ಟ್ರುಗಳು ದುಡಿದರು. ಮೈಸೂರಿನಲ್ಲಿ ಜಿ.ಟಿ. ನಾರಾಯಣರಾಯರು ನಕ್ಷತ್ರಗಳನ್ನು ಹೆಸರು ಹಿಡಿದು ಪರಿಚಯ ಮಾಡಿಕೊಟ್ಟರು. ಇವರು ಕನ್ನಡದಲ್ಲಿ ವಿಜ್ಞಾನ ಬರೆಯಲು ಬರುತ್ತದೆ ಎಂದು ತೋರಿಸಿದ್ದಷ್ಟೇ ಅಲ್ಲ, ಚೆನ್ನಾಗಿ ಬರೆಯಲು ಬರುತ್ತದೆ ಎಂದು ತೋರಿಸಿದರು. ನಮ್ಮಲ್ಲಿ ವೈಜ್ಞಾನಿಕ ಕಾದಂಬರಿಗಳು ವಿರಳವಾಗಿದ್ದರೆ ಅದಕ್ಕೆ ಒಂದು ಕಾರಣ ಈ ಯಶಸ್ಸೇ ಇರಬೇಕೆಂದು ನನ್ನ ಅನಿಸಿಕೆ. ಬೆರಗು ಇದ್ದವರೆಲ್ಲ ಪ್ರಬಂಧ ಬರೆದರು. ಮೂಢನಂಬಿಕೆಯ ವಿರುದ್ಧ ಹೋರಾಡುತ್ತಿದ್ದವರಿಗೆ ಕಲ್ಪನೆಯನ್ನು ಕಟ್ಟಳೆ ಬಿಚ್ಚಿ ಬಿಡುವುದು ಕಷ್ಟವೂ ಆಗಿರಬಹುದು.

ದೇವರನ್ನು ಏನು ಮಾಡುವುದು

ಭಾರತದಲ್ಲಿ ಫ್ಯಾಂಟಸಿ ಬರೆಯಹೊರಟ ಯಾರಿಗಾದರೂ ಮೊದಲ ಪುಟದಲ್ಲೇ ಎದುರಾಗುವ ಪ್ರಶ್ನೆ ಇದು. ಟೋಲ್ಕಿನ್ ತನ್ನ ಜನಕ್ಕೆ ಪುರಾಣವಿಲ್ಲ ಎಂಬ ಕೊರಗಿನಿಂದ ಒಂದನ್ನು ಕಟ್ಟಿದ. ನಮಗೆ ಆ ಕೊರತೆ ಇಲ್ಲ. ಪುರಾಣ ಇನ್ನೂ ಅಡುಗೆಮನೆಯಲ್ಲಿ, ಹಜಾರದಲ್ಲಿ ಓಡಾಡಿಕೊಂಡಿದೆ. ಅದನ್ನು ಕಾದಂಬರಿಕಾರ ಏನು ಮಾಡಬೇಕು? ನನ್ನ ಕಪಾಟಿನಲ್ಲಿ ಮೂರು ಉತ್ತರಗಳು ಒಟ್ಟಿಗೆ ಕೂತಿವೆ.

ಮೊದಲನೆಯದು ಅಮೆರಿಕದ ರೋಜರ್ ಜೆಲಾಜ್ನಿ 1967ರಲ್ಲಿ ಬರೆದ ‘ಲಾರ್ಡ್ ಆಫ್ ಲೈಟ್’. ದೂರದ ಗ್ರಹವೊಂದಕ್ಕೆ ಹೋಗಿ ಇಳಿದ ಹಡಗಿನ ಸಿಬ್ಬಂದಿ ತಮ್ಮ ತಂತ್ರಜ್ಞಾನದ ಬಲದಿಂದ ಬ್ರಹ್ಮ, ಯಮ, ಕಾಳಿ ಎಂಬ ಹೆಸರು ಹೊತ್ತು ದೇವರುಗಳಾಗಿ ಆಳುತ್ತಾರೆ. ಒಂದು ದೇಹದಿಂದ ಇನ್ನೊಂದಕ್ಕೆ ಮನಸ್ಸನ್ನು ವರ್ಗಾಯಿಸುವ ಯಂತ್ರ ಅವರ ಕೈಲಿದೆ. ಮುಂದಿನ ಜನ್ಮ ಯಾರಿಗೆ ಏನು ಎಂಬುದು ಅವರ ಅಧಿಕಾರ. ಅವರಲ್ಲೇ ಒಬ್ಬ ಬುದ್ಧನ ವೇಷ ಹಾಕಿ ಬಂಡಾಯ ಹೂಡುತ್ತಾನೆ. ಕರ್ಮಸಿದ್ಧಾಂತ ಆಳುವವರ ಆಯುಧವಾದರೆ ಏನಾಗುತ್ತದೆ ಎಂಬುದನ್ನು ಇಷ್ಟು ಹರಿತವಾಗಿ ತೋರಿಸಿದ ಕಾದಂಬರಿ ಅಪರೂಪ. ಆದರೆ ಅಲ್ಲಿ ದೇವರುಗಳು ಬರೀ ಉಡುಪು. ಉಡುಪು ಕಳಚಿದರೆ ಒಳಗಿರುವವರು ಆ ಹಡಗಿನವರೇ.

ಎರಡನೆಯದು ‘ಮನು’ ಎಂಬ ಕಾವ್ಯನಾಮದ ಪಿ.ಎನ್. ರಂಗನ್ ಅವರ ‘ಮಹಾಸಂಪರ್ಕ’. ಮಹಾಭಾರತದ ಕತೆಗೂ ಹೊರಲೋಕದ ಜೀವಿಗಳಿಗೂ ನಂಟು ಹೆಣೆಯುವ ಬೃಹತ್ ಕಾದಂಬರಿ. ಕನ್ನಡದಲ್ಲಿ ಇಷ್ಟು ದೊಡ್ಡ ಹರವಿನ ವೈಜ್ಞಾನಿಕ ಕಾದಂಬರಿಗೆ ಕೈಹಾಕುವುದೇ ಒಂದು ಸಾಹಸ, ಆ ಸಾಹಸಕ್ಕೆ ಓದುಗರು ಕೈಕೊಟ್ಟಿಲ್ಲ. ದೇವತೆಗಳು ಅನ್ಯಗ್ರಹದವರು ಎಂಬ ವಾದವನ್ನು ಚರಿತ್ರೆಯೆಂದು ಹೊತ್ತು ಮೆರೆಸುವವರನ್ನು ನಾನು ಒಪ್ಪುವುದಿಲ್ಲ. ಕಾದಂಬರಿಕಾರನಿಗೆ ಮಾತ್ರ ಆ ಸ್ವಾತಂತ್ರ್ಯ ಇದ್ದೇ ಇದೆ. ಭಾಗವತದಲ್ಲಿ ಮಗಳು ರೇವತಿಗೆ ವರ ಯಾರೆಂದು ಕೇಳಲು ರಾಜ ಕಕುದ್ಮಿ ಬ್ರಹ್ಮಲೋಕಕ್ಕೆ ಹೋಗುತ್ತಾನೆ; ಅಲ್ಲಿ ಸಂಗೀತ ಮುಗಿಯುವ ತನಕ ಕಾದು ಕೇಳುವಷ್ಟರಲ್ಲಿ ಭೂಮಿಯ ಮೇಲೆ 27 ಚತುರ್ಯುಗಗಳು ಕಳೆದುಹೋಗಿರುತ್ತವೆ. ಅವನಿಗೆ ಗೊತ್ತಿದ್ದ ವರರೆಲ್ಲ, ಅವರ ಮೊಮ್ಮಕ್ಕಳೆಲ್ಲ ಅಳಿದುಹೋಗಿದ್ದಾರೆ. ಇದನ್ನು ಬರೆದವರಿಗೆ ಸಾಪೇಕ್ಷತೆ ಗೊತ್ತಿತ್ತು ಎನ್ನುವುದು ಅಸಂಬದ್ಧ. ಆದರೆ ಬೇರೆ ಬೇರೆ ಕಡೆ ಕಾಲ ಬೇರೆ ಬೇರೆಯಾಗಿ ನಡೆದರೆ ಮನೆಗೆ ಮರಳುವ ಮನುಷ್ಯನ ಪಾಡೇನು ಎಂದು ಯೋಚಿಸುವ ಧೈರ್ಯ ಅವರಿಗಿತ್ತು. ಮನು ಆ ಧೈರ್ಯದ ವಾರಸುದಾರರು.

ಮೂರನೆಯದು ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ದೇವುಡು ನರಸಿಂಹಶಾಸ್ತ್ರಿಗಳ ‘ಮಹಾಬ್ರಾಹ್ಮಣ’, ‘ಮಹಾಕ್ಷತ್ರಿಯ’, ‘ಮಹಾದರ್ಶನ’. ವಿಶ್ವಾಮಿತ್ರ, ನಹುಷ, ಯಾಜ್ಞವಲ್ಕ್ಯ. ‘ಮಹಾಕ್ಷತ್ರಿಯ’ಕ್ಕೆ 1962ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು; ದೇವುಡು ತೀರಿಕೊಂಡದ್ದೂ ಅದೇ ವರ್ಷ. ಈ ಮೂರನ್ನು ಫ್ಯಾಂಟಸಿ ತ್ರಿವಳಿ ಎಂದು ಕರೆದರೆ ಕೆಲವು ಹಿರಿಯರಿಗೆ ಸಿಟ್ಟು ಬರಬಹುದು. ನಾನು ಗೌರವದಿಂದಲೇ ಹಾಗೆ ಕರೆಯುತ್ತೇನೆ. ದೇವುಡು ದೇವರನ್ನು ದೇವರಾಗಿಯೇ ಇರಗೊಟ್ಟರು, ಉಡುಪೂ ಮಾಡಲಿಲ್ಲ, ಅನ್ಯಗ್ರಹದವರನ್ನೂ ಮಾಡಲಿಲ್ಲ. ಬದಲಿಗೆ ತಪಸ್ಸು ಎಂದರೆ ಏನು, ಅದು ಹೇಗೆ ನಡೆಯುತ್ತದೆ, ಪ್ರಾಣ ಎಲ್ಲಿಂದ ಎಲ್ಲಿಗೆ ಏರುತ್ತದೆ, ಯಾವ ಇಂದ್ರಿಯಕ್ಕೆ ಯಾರು ಅಧಿದೇವತೆ, ಅವರನ್ನು ಕರೆಯುವುದು ಹೇಗೆ, ಕರೆದರೆ ತೆರಬೇಕಾದ ಬೆಲೆಯೇನು ಎಂಬುದನ್ನು ಒಂದು ಶಾಸ್ತ್ರದ ಶಿಸ್ತಿನಿಂದ ಬರೆದರು. ವಸಿಷ್ಠರ ಹಸುವನ್ನು ಬಯಸಿ ಸೋತ ರಾಜ ಕೌಶಿಕ, ತ್ರಿಶಂಕುವಿಗಾಗಿ ಹೊಸ ಸ್ವರ್ಗವನ್ನೇ ಸೃಷ್ಟಿಸುವಷ್ಟು ಬೆಳೆದು, ಆ ಬೆಳವಣಿಗೆಯೇ ಅಡ್ಡಿ ಎಂದು ಅರಿಯುವ ತನಕದ ದಾರಿ ಅದು.

ಅರ್ಸುಲಾ ಲಗ್ವಿನ್ 1968ರಲ್ಲಿ ‘ಎ ವಿಜರ್ಡ್ ಆಫ್ ಅರ್ತ್‌ಸೀ’ ಬರೆದಾಗ ಇದೇ ನಿಯಮವನ್ನು ಇಟ್ಟುಕೊಂಡರು. ಮಂತ್ರಶಕ್ತಿ ಎಂದರೆ ವಸ್ತುವಿನ ನಿಜನಾಮದ ಅರಿವು. ಬಳಸಿದಷ್ಟೂ ಲೋಕದ ತೂಕ ತಪ್ಪುತ್ತದೆ. ಅಹಂಕಾರದಿಂದ ಮಂತ್ರ ಹಾಕಿದ ಹುಡುಗ ಗೆಡ್ ತನ್ನದೇ ನೆರಳನ್ನು ಬಿಡುಗಡೆ ಮಾಡಿ, ಅದರಿಂದ ಓಡಿ, ಕೊನೆಗೆ ಅದರತ್ತಲೇ ತಿರುಗುತ್ತಾನೆ. ಕೌಶಿಕನಿಗೆ ಅವನ ಕೋಪವೇ ಆ ನೆರಳು. ಗಾಂಧಿಬಜಾರಿನ ಸುತ್ತ ಮಾತಾಡುವ ಕನ್ನಡದಲ್ಲಿ ಬರೆದವರೂ, ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಕೂತು ದಾವೋ ಓದಿಕೊಂಡು ಬರೆದವರೂ ಒಂದೇ ಜಾಗಕ್ಕೆ ಬಂದು ಮುಟ್ಟಿದ್ದಾರೆ. ಎರಡನ್ನೂ ಒಂದೇ ತಿಂಗಳಲ್ಲಿ ಓದಿ ನೋಡಿ.

1974

ಪುರಾಣದ ಮಾತು ಬಂದಮೇಲೆ ಆನೇಕಲ್ಲಿಗೆ ಹೋಗದೆ ಆಗುವುದಿಲ್ಲ. ನಮ್ಮ ನಗರದ ದಕ್ಷಿಣದ ಅಂಚಿನ ಈ ಊರಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಸುಮಾರು 1918ರಿಂದ 1923ರ ನಡುವೆ ಸಂಸ್ಕೃತ ಶ್ಲೋಕಗಳನ್ನು ಹೇಳುತ್ತ ಹೋದರು, ವೆಂಕಟಾಚಲ ಶರ್ಮರು ಬರೆದುಕೊಂಡರು. ಭರದ್ವಾಜ ಮಹರ್ಷಿಗಳದ್ದೆಂದು ಹೇಳಲಾದ ‘ವೈಮಾನಿಕ ಶಾಸ್ತ್ರ’ ಹುಟ್ಟಿದ್ದು ಹೀಗೆ. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ನಕ್ಷೆಗಾರರಾಗಿದ್ದ ಎಲ್ಲಪ್ಪ ಅದಕ್ಕೆ ಚಿತ್ರ ಬರೆದರು. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ವಿಮಾನಗಳು. ತ್ರಿಪುರ ನೆಲ, ನೀರು, ಗಾಳಿ ಮೂರರಲ್ಲೂ ಚಲಿಸುತ್ತದೆಯಂತೆ. 1973ರಲ್ಲಿ ಮೈಸೂರಿನ ಜಿ.ಆರ್. ಜೋಸ್ಯರ್ ಅದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಮರುವರ್ಷ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ, ಎಸ್.ಎಂ. ದೇಶಪಾಂಡೆ, ಎಚ್.ಆರ್. ನಾಗೇಂದ್ರ, ಎ. ಪ್ರಭು, ಎಸ್.ಪಿ. ಗೋವಿಂದರಾಜು ಎಂಬ ಐವರು ಕೂತು ಪರೀಕ್ಷಿಸಿದರು. ಶ್ಲೋಕಗಳ ಭಾಷೆ, ಹಸ್ತಪ್ರತಿಯ ಚರಿತ್ರೆ, ವಿಮಾನಗಳ ಆಕಾರ, ತೂಕ ಎಲ್ಲವನ್ನೂ ನೋಡಿ, ಪಠ್ಯ 1904ಕ್ಕಿಂತ ಹಳೆಯದಲ್ಲ, ಈ ವಿಮಾನಗಳಲ್ಲಿ ಯಾವುದೂ ಹಾರಲಾರದು ಎಂದು ತೀರ್ಮಾನಿಸಿದರು. ಆ ಲೇಖನ ಇಂದಿಗೂ ಓದಲು ಸೊಗಸು. ಗೇಲಿಯಿಲ್ಲ, ಕೆಲಸ ಮಾತ್ರ ಇದೆ.

ಅವರ ತೀರ್ಮಾನ ಸರಿಯಾದದ್ದು. ಶಾಸ್ತ್ರವೆಂದು ಅದನ್ನು ಪ್ರತಿಪಾದಿಸುವುದು ವಿಜ್ಞಾನಕ್ಕೂ ಸಂಸ್ಕೃತಕ್ಕೂ ಮಾಡುವ ಅನ್ಯಾಯ. ಆದರೆ ಕತೆಗಳನ್ನು ಓದುವವಳಾಗಿ ನಾನು ಆ ಪುಸ್ತಕವನ್ನು ಎಸೆಯಲಾರೆ. ರೈಟ್ ಸಹೋದರರ ವಿಮಾನ ಹಾರಿ ಇನ್ನೂ 20 ವರ್ಷವಾಗಿಲ್ಲದ ಕಾಲದಲ್ಲಿ, ಬಡತನದಲ್ಲಿ ಬೆಳೆದ ಪಂಡಿತರೊಬ್ಬರು ಆನೇಕಲ್ಲಿನಲ್ಲಿ ಕೂತು ಪಾದರಸ, ಸ್ಫಟಿಕ, ಲೋಹಗಳಿಂದ ಅಂತಸ್ತು ಅಂತಸ್ತಾಗಿ ಏಳುವ ಹಾರುಮನೆಗಳನ್ನು ಮನಸ್ಸಿನಲ್ಲೇ ಕಟ್ಟಿದರು. ಪೈಲಟ್ ಏನು ಉಣ್ಣಬೇಕು, ಏನು ಉಡಬೇಕು ಎಂಬ ತನಕ ಯೋಚಿಸಿದರು. ಇಷ್ಟು ವಿವರವಾಗಿ ಲೋಕ ಕಟ್ಟುವುದನ್ನು ಫ್ಯಾಂಟಸಿ ಓದುವವರು ತುಂಬ ಮೆಚ್ಚುತ್ತಾರೆ. ಕನ್ನಡನಾಡಿನ ಮೊದಮೊದಲ ವೈಜ್ಞಾನಿಕ ಕಲ್ಪನೆಗಳ ಸಾಲಿಗೆ ಅದನ್ನು ಸೇರಿಸಿದರೆ ಸುಬ್ಬರಾಯ ಶಾಸ್ತ್ರಿಗಳಿಗೆ ಸಲ್ಲಬೇಕಾದ ಗೌರವ ಸಲ್ಲುತ್ತದೆ, ವಿಜ್ಞಾನಕ್ಕೂ ನೋವಾಗುವುದಿಲ್ಲ.

ಅದೇ 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತು ನಡೆಸಿದ ಕಥಾಸ್ಪರ್ಧೆಗೆ ‘ಕೃಷ್ಣವಿವರ’ ಎಂಬ ಕತೆ ಬಂತು. ಬರೆದವರ ಹೆಸರು ನಾರಾಯಣ ವಿನಾಯಕ ಜಗತಾಪ. ಬಹುಮಾನ ಬಂದ ಮೇಲೆ ತಿಳಿದದ್ದು, ಇದು ಖಗೋಳವಿಜ್ಞಾನಿ ಜಯಂತ ವಿಷ್ಣು ನಾರ್ಳೀಕರ್ ತಮ್ಮ ಹೆಸರಿನ ಮೊದಲಕ್ಷರಗಳನ್ನು ತಿರುವಿ ಇಟ್ಟುಕೊಂಡ ಹೆಸರೆಂದು. 2025ರ ಮೇ ತಿಂಗಳಲ್ಲಿ ತೀರಿಕೊಳ್ಳುವ ತನಕ ನಾರ್ಳೀಕರ್ ಮರಾಠಿ ಓದುಗರ ಪ್ರೀತಿಯ ಕತೆಗಾರರಾಗಿಯೂ ಉಳಿದರು. ಒಂದು ವಿಜ್ಞಾನ ಪರಿಷತ್ತು ಪ್ರಬಂಧ ಕೇಳುವ ಬದಲು ಕತೆ ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ಇದು ಉದಾಹರಣೆ.

ಅದೇ 1974ರಲ್ಲಿ ಬೆಂಗಳೂರಿನ ಇನ್ನೊಂದು ಮೂಲೆಯಲ್ಲಿ ನಡೆಯುತ್ತಿದ್ದ ಕೆಲಸದ ಮಾತನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ.

ಹಿಟ್ಟಿನ ಕೋಳಿ

ಹಳಗನ್ನಡದಿಂದ ಒಂದೇ ಒಂದು ಪುಸ್ತಕ ಆರಿಸಿ ಎಂದರೆ ಜನ್ನನ ‘ಯಶೋಧರ ಚರಿತೆ’ ಆರಿಸುತ್ತೇನೆ. ರಚನೆಯ ಕಾಲ 1209. ರಾಣಿ ಅಮೃತಮತಿ ಮಾವುತನ ಹಾಡಿಗೆ ಮರುಳಾದ ಕತೆಯಾಗಿ ಅದು ಕಾಲೇಜಿನ ಪಠ್ಯಗಳಲ್ಲಿ ಪ್ರಸಿದ್ಧ. ನನ್ನನ್ನು ಹಿಡಿದಿಟ್ಟಿರುವುದು ಅದರ ಮುಂದಿನ ಭಾಗ. ಕೆಟ್ಟ ಕನಸಿನ ಪರಿಹಾರಕ್ಕೆ ಬಲಿ ಕೊಡು ಎಂದು ತಾಯಿ ಚಂದ್ರಮತಿ ಹೇಳುತ್ತಾಳೆ. ಅಹಿಂಸಾವಾದಿ ಮಗ ಒಪ್ಪುವುದಿಲ್ಲ. ಕೊನೆಗೆ ರಾಜಿ: ಜೀವದ ಕೋಳಿ ಬೇಡ, ಹಿಟ್ಟಿನ ಕೋಳಿ ಕೊಡೋಣ. ಕತ್ತಿ ಬೀಳುತ್ತದೆ, ಬೇತಾಳ ಹೊಕ್ಕ ಹಿಟ್ಟಿನ ಕೋಳಿ ಕೂಗುತ್ತದೆ. ಆ ಒಂದು ಏಟಿಗಾಗಿ ತಾಯಿ ಮಗ ಇಬ್ಬರೂ ನವಿಲಾಗಿ, ನಾಯಾಗಿ, ಮೀನಾಗಿ, ಮೊಸಳೆಯಾಗಿ, ಆಡಾಗಿ, ಕೋಳಿಯಾಗಿ ಹುಟ್ಟಿ ಹುಟ್ಟಿ ಸಾಯುತ್ತಾರೆ.

ಜೀವವಿಲ್ಲದ್ದನ್ನು ಕೊಂದರೆ ಕೊಲೆಯೇ? ಪೋಲೆಂಡಿನ ಸ್ತಾನಿಸ್ವಾಫ್ ಲೆಮ್ 1965ರ ‘ಸೈಬೀರಿಯಾಡ್’ನಲ್ಲಿ ಇದೇ ಪ್ರಶ್ನೆ ಕೇಳುತ್ತಾನೆ. ಗಡೀಪಾರಾದ ಕ್ರೂರ ರಾಜನೊಬ್ಬನಿಗೆ ಟ್ರುರ್ಲ್ ಎಂಬ ಯಂತ್ರಶಿಲ್ಪಿ ಪೆಟ್ಟಿಗೆಯೊಳಗೆ ಪುಟ್ಟ ರಾಜ್ಯ ಕಟ್ಟಿಕೊಡುತ್ತಾನೆ. ಪ್ರಜೆಗಳು ಕೃತಕ, ಆದ್ದರಿಂದ ಎಷ್ಟು ಹಿಂಸಿಸಿದರೂ ತಪ್ಪಿಲ್ಲ ಎಂಬ ಲೆಕ್ಕ. ಗೆಳೆಯ ಒಪ್ಪುವುದಿಲ್ಲ: ನೋವನ್ನು ತದ್ರೂಪವಾಗಿ ನಟಿಸುವುದಕ್ಕೂ ನೋಯುವುದಕ್ಕೂ ಗೆರೆ ಎಲ್ಲಿ ಎಳೆಯುತ್ತೀಯ ಎಂಬುದು ಅವನ ತಕರಾರು. ಮಾತಾಡುವ ಯಂತ್ರಗಳು ಜೇಬಿಗೆ ಬಂದಿರುವ ಈ ದಿನಗಳಲ್ಲಿ ಈ ಎರಡೂ ಕೃತಿಗಳು ಅರ್ಜೆಂಟಾಗಿ ಓದಬೇಕಾದವು. ಲೆಮ್ ನೋವಿನ ಕಡೆಯಿಂದ ನೋಡುತ್ತಾನೆ, ಜನ್ನ ಕತ್ತಿ ಹಿಡಿದ ಕೈಯ ಕಡೆಯಿಂದ. ಜನ್ನನಿಗೆ ಹಿಟ್ಟಿಗೆ ನೋವಾಯಿತೋ ಇಲ್ಲವೋ ಮುಖ್ಯವಲ್ಲ. ಕೊಲ್ಲುವ ಸಂಕಲ್ಪ ಕೈಗೆ ಬಂದಿತ್ತು, ಅಷ್ಟೇ ಸಾಕು. ನಾನು ಜನ್ನನ ಕಡೆ.

ಹಾರುವ ಓತಿಯ ಹಿಂದೆ

ಮೇಲಿನ ಮನೆಯ ಹುಡುಗಿ ಎಂಟನೇ ಕ್ಲಾಸು. ‘ಡ್ಯೂನ್’ ಸಿನಿಮಾ ನೋಡಿಬಂದು ನನ್ನ ಕಪಾಟು ಜಾಲಾಡುತ್ತಿದ್ದವಳ ಕೈಗೆ ತೇಜಸ್ವಿಯವರ ‘ಕರ್ವಾಲೊ’ ಕೊಟ್ಟೆ. ಎರಡು ದಿನ ಬಿಟ್ಟು ಬಂದು, “ಆಂಟಿ, ಇದ್ರಲ್ಲಿ ಸ್ಪೇಸ್‌ಶಿಪ್ಪೇ ಇಲ್ವಲ್ಲ” ಅಂದಳು. “ಪೂರ್ತಿ ಓದಿದ್ಯೇನೇ?” ಅಂದೆ. “ಮುಗೀತು. ಮಂದಣ್ಣ ಥರ ನಂಗೂ ಜೇನು ಹುಡುಕ್ಬೇಕು ಅನ್ಸ್ತಿದೆ” ಎಂದು ‘ಮಿಸ್ಸಿಂಗ್ ಲಿಂಕ್’ ಎತ್ತಿಕೊಂಡು ಹೋದಳು.

1980ರ ‘ಕರ್ವಾಲೊ’ ಕನ್ನಡಕ್ಕೆ ಮಾಡಿದ್ದು ದೊಡ್ಡ ಉಪಕಾರ. ಅದಕ್ಕೂ ಮುಂಚೆ 1973ರಲ್ಲಿ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲೇ ತೇಜಸ್ವಿ ನವ್ಯದ ದಾರಿಗೆ ಬೆನ್ನು ತಿರುಗಿಸಿದ್ದರು. ಒಂಟಿ ಕೋಣೆಯ ಹುಡುಗನ ಸಂಕಟದಿಂದ ಅವರು ಕತೆಯನ್ನು ಕಾಡಿಗೆ ಎಳೆದು ತಂದರು. ಒಬ್ಬ ವಿಜ್ಞಾನಿ, ಒಬ್ಬ ಜೇನು ಹಿಡಿಯುವವ, ಒಬ್ಬ ಬಿರಿಯಾನಿ ಮಾಡುವವ, ಒಂದು ನಾಯಿ, ಕೃಷಿಯಲ್ಲಿ ಬೇಸತ್ತ ಒಬ್ಬ ನಿರೂಪಕ. ಇವರೆಲ್ಲ ಸೇರಿ ಹಾರುವ ಓತಿಯೊಂದರ ಹಿಂದೆ ಹೊರಡುತ್ತಾರೆ. ‘ದ ಹಾಬಿಟ್’ನ ಕುಳ್ಳರ ದಂಡಿಗಿಂತ ಈ ದಂಡು ಒಂದು ಕೂದಲೆಳೆಯೂ ಕಡಿಮೆಯಲ್ಲ. ಟೋಲ್ಕಿನ್ನನ ಡ್ರ್ಯಾಗನ್ ಎಲ್ಲೂ ಇಲ್ಲ; ತೇಜಸ್ವಿಯವರ ಡ್ರ್ಯಾಗನ್ ಮಲೆನಾಡಿನ ಅಡಿಕೆ ತೋಟಗಳಲ್ಲಿ ನಿಜಕ್ಕೂ ಇದೆ. ಪಕ್ಕೆಲುಬುಗಳ ಮೇಲಿನ ಚರ್ಮವನ್ನು ಬಿಡಿಸಿ ಮರದಿಂದ ಮರಕ್ಕೆ ತೇಲುವ ಆ ಪ್ರಾಣಿಯ ಕುಲಕ್ಕೆ ಜೀವವಿಜ್ಞಾನಿಗಳು ಇಟ್ಟ ಹೆಸರೇ ‘ಡ್ರಾಕೊ’. ಇರುವ ಜೀವಿಯೊಂದನ್ನು ನೋಡಿ ಕಾಲದ ಆಳಕ್ಕೆ ತಲೆತಿರುಗುವಂತೆ ಮಾಡಿದ್ದು ಈ ಕಾದಂಬರಿಯ ಸಿದ್ಧಿ. ಮುಂದೆ ‘ವಿಸ್ಮಯ’, ‘ಮಿಲೆನಿಯಮ್’ ಮಾಲೆಗಳಲ್ಲಿ, ‘ಫ್ಲೈಯಿಂಗ್ ಸಾಸರ್ಸ್’ನಲ್ಲಿ ಅವರು ಅದೇ ಬೆರಗನ್ನು ಹಳ್ಳಿಯ ಹೈಸ್ಕೂಲಿಗೆ ತಲುಪಿಸಿದರು.

ನೇರವಾಗಿ ವೈಜ್ಞಾನಿಕ ಕಥೆ ಎಂದೇ ಬರೆದವರಲ್ಲಿ ರಾಜಶೇಖರ ಭೂಸನೂರಮಠರ ಹೆಸರು ಮೊದಲು ಬರಬೇಕು. ‘ಆಪರೇಷನ್ ಯುಎಫ್‌ಓ’, ‘ಮನ್ವಂತರ’ ಬರೆದ ಅವರು, ಈ ಪ್ರಕಾರವನ್ನು ಕನ್ನಡ ವಿಮರ್ಶೆ ತಲೆಯೆತ್ತಿಯೂ ನೋಡದ ದಿನಗಳಲ್ಲಿ ಏಕಾಂಗಿಯಾಗಿ ದುಡಿದರು. ಎಂ.ಎಸ್.ಕೆ. ಪ್ರಭು ಬೆಂಗಳೂರಿನ ಮಧ್ಯಮ ವರ್ಗದ ಬದುಕಿನೊಳಗೇ ವಿಚಿತ್ರವನ್ನು ನುಸುಳಿಸಿದ ಕತೆಗಾರ; ಕಾಫ್ಕಾ ಇಷ್ಟಪಡುವವರು ಅವರನ್ನು ಹುಡುಕಿ ಓದಬೇಕು. ಕೃಷಿ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿಯಾಗಿದ್ದ ಕೆ.ಎನ್. ಗಣೇಶಯ್ಯ ಹೊಯ್ಸಳ ಶಿಲ್ಪಗಳ ಕೈಯಲ್ಲಿರುವುದು ಮುಸುಕಿನ ಜೋಳವೇ ಎಂಬ ವಿದ್ವಾಂಸರ ಜಗಳದಿಂದ ‘ಕನಕ ಮುಸುಕು’ ಎಂಬ ಥ್ರಿಲ್ಲರ್ ಹುಟ್ಟಿಸಿದರು. ಕತೆಯ ನಡುವೆ ಆಕರಗಳನ್ನು, ಫೋಟೋಗಳನ್ನು ಕೊಡುವ ಅವರ ಪದ್ಧತಿ ನನಗೆ ಮೊದಮೊದಲು ಓಟಕ್ಕೆ ತೊಡಕು ಅನಿಸಿತ್ತು, ಈಗ ಅದೇ ಇಷ್ಟ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಹೂವಿನ ಗಿಡವಾಗುವ ಹುಡುಗಿಯ ಕನ್ನಡ ಜನಪದ ಕತೆ, ಅದರಿಂದ ಕಾರ್ನಾಡರು 1992ರಲ್ಲಿ ಮಾಡಿದ ‘ಚೆಲುವಿ’ ಸಿನಿಮಾ, ಅವರ ‘ನಾಗಮಂಡಲ’, ‘ಹಯವದನ’ ಎಲ್ಲವೂ ಈ ಕಪಾಟಿನವೇ.

ಬೆಂಗಳೂರನ್ನೇ ಭವಿಷ್ಯಕ್ಕೆ ಕೊಂಡೊಯ್ದ ಪುಸ್ತಕ ಇಂಗ್ಲಿಷಿನಲ್ಲಿ ಬಂತು. ಇಲ್ಲಿಯವರೇ ಆದ ಲಾವಣ್ಯ ಲಕ್ಷ್ಮೀನಾರಾಯಣ್ 2020ರಲ್ಲಿ ‘ಅನಲಾಗ್/ವರ್ಚುವಲ್’ ಪ್ರಕಟಿಸಿದರು. ‘ದ ಟೆನ್ ಪರ್ಸೆಂಟ್ ಥೀಫ್’ ಎಂಬ ಹೆಸರಿನಲ್ಲಿ ಹೊರದೇಶಗಳಿಗೆ ಹೋದ ಅದು 2024ರ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿಯ ಅಂತಿಮ ಪಟ್ಟಿ ಸೇರಿತು. ಬೆಂಗಳೂರು ಅಲ್ಲಿ ಅಪೆಕ್ಸ್ ಸಿಟಿ. ಬೆಲ್ ಕಾರ್ಪ್ ಎಂಬ ಕಂಪನಿ ಊರವರನ್ನು ದುಡಿಮೆಯ ಅಂಕಗಳಿಂದ ವಿಂಗಡಿಸಿದೆ: ಮೇಲಿನ 20 ಪರ್ಸೆಂಟ್, ನಡುವಿನ 70, ಕೆಳಗಿನ 10. ಕೆಳಗೆ ಜಾರಿದವರಿಗೆ ನೀರು, ಕರೆಂಟು, ತಂತ್ರಜ್ಞಾನ ಯಾವುದೂ ಇಲ್ಲ. ಅಪ್ರೈಸಲ್ ತಿಂಗಳಲ್ಲಿ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತಿರುವ ಯಾವ ಎಂಜಿನಿಯರಿಗೂ ಇದನ್ನು ವಿವರಿಸಿ ಹೇಳಬೇಕಿಲ್ಲ. ಇದೇ ಪುಸ್ತಕದ ಲೋಕ ಕನ್ನಡದಲ್ಲಿ ಮಾತಾಡಿದ್ದರೆ, ನೀರಿನ ಟ್ಯಾಂಕರಿನವರು, ಪೌರಕಾರ್ಮಿಕರು, ಪೀಜಿಯ ಅಡುಗೆಯವರು ಅದರಲ್ಲಿ ಇನ್ನಷ್ಟು ಗಟ್ಟಿಯಾಗಿ ಬರುತ್ತಿದ್ದರು ಎಂದು ನನ್ನ ಆಸೆ.

ಈಗ 1974ರ ಆ ಇನ್ನೊಂದು ಮೂಲೆ. ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳು. ಉಡುಪಿ ಕಡೆಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅವರ ಮುಂದಾಳ್ತನದಲ್ಲಿ, ಅದಕ್ಕೂ ಮುಂಚೆ ಉಪಗ್ರಹವನ್ನು ಕಣ್ಣಿಂದ ಕಂಡಿರದ ಹುಡುಗ ಹುಡುಗಿಯರು ತಗಡಿನ ಸೂರಿನ ಕೆಳಗೆ 360 ಕಿಲೋ ತೂಕದ ‘ಆರ್ಯಭಟ’ವನ್ನು ಕಟ್ಟುತ್ತಿದ್ದರು. 1975ರ ಏಪ್ರಿಲ್ 19ರಂದು ಅದು ಸೋವಿಯತ್ ಒಕ್ಕೂಟದ ಕಪುಸ್ತಿನ್ ಯಾರ್‌ನಿಂದ ಮೇಲೇರಿತು. ಬೆಂಗಳೂರಿನಲ್ಲಿ ಅದರ ಸಂಕೇತಗಳನ್ನು ಹಿಡಿಯಲು ಒಂದು ಶೌಚಾಲಯವನ್ನೇ ಮಾರ್ಪಡಿಸಿ ಕೇಂದ್ರ ಮಾಡಿಕೊಂಡಿದ್ದರು. ಆ ವರ್ಷಗಳಲ್ಲಿ ದುಡಿದ ಪೀಳಿಗೆಯ ಹಲವರು ಈಗ ಬೆಂಗಳೂರಿನ ಇಂಥ ಬಡಾವಣೆಗಳಲ್ಲೇ ನಿವೃತ್ತರಾಗಿ ಇದ್ದಾರೆ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿಯುವಾಗ ಟಿವಿಯ ಮುಂದೆ ಕೂತು, ನಮಗಿಂತ ಅರ್ಧ ನಿಮಿಷ ಮೊದಲೇ ಏನಾಗುತ್ತಿದೆ ಎಂದು ತಿಳಿಯಬಲ್ಲವರು. ನನಗೆ ಬೇಕಾದ ಕಾದಂಬರಿ ಆ ಶೆಡ್ಡುಗಳದ್ದು. ಅದರಲ್ಲಿ ವೈಮಾನಿಕ ಶಾಸ್ತ್ರವನ್ನು ನಂಬುವ ಒಬ್ಬ ತಂದೆ ಇರಲಿ, ಬೆಸುಗೆ ಹಾಕುವ ಮಗಳಿರಲಿ, ಪೀಣ್ಯದ ಬಸ್ಸು ತಪ್ಪಿ ರಾತ್ರಿಯೆಲ್ಲ ಅಲ್ಲೇ ಉಳಿದವರಿರಲಿ, ಕಕ್ಷೆಯಿಂದ ಬರುವ ಸಂಕೇತದಲ್ಲಿ ಯಾರೂ ಕಳಿಸದ ಒಂದು ಸಾಲು ಇರಲಿ. ಬರೆಯುವವರು ಇಸ್ರೋ ಲೇಔಟಿನ ಹಿರಿಯರನ್ನು ಈಗಲೇ ಹೋಗಿ ಮಾತಾಡಿಸಬೇಕು. ಅವರಲ್ಲಿ ಹಲವರಿಗೆ ಎಂಬತ್ತು ದಾಟಿದೆ.